ಬೆಟ್ಟಕ್ಕೆ ಅಡ್ಡ ನಿಂತವರು

ತುಮಕೂರಿನ ಶಿರಾ ಗೇಟಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಸದಾಶಿವಯ್ಯನವರಿಗೆ ಎರಡೇ ಹುಚ್ಚು. ವರ್ಷಕ್ಕೊಮ್ಮೆ ಹೆಂಡತಿಯನ್ನು ಕರೆದುಕೊಂಡು ಹಿಮಾಲಯದ ಕಡೆ ಯಾತ್ರೆ ಹೊರಡುವುದು, ಅಲ್ಲಿ ಕಂಡಿದ್ದಕ್ಕೆಲ್ಲ ಕ್ಯಾಮೆರಾ ಹಿಡಿಯುವುದು. ಆ ಕ್ಯಾಮೆರಾವನ್ನು ಮನೆಯಲ್ಲಿ ಯಾರೂ ಮುಟ್ಟುವ ಹಾಗಿಲ್ಲ. ಹೆಂಡತಿ ಶಿವರುದ್ರಮ್ಮ ಮುಟ್ಟುತ್ತಲೂ ಇರಲಿಲ್ಲ, ಅದರ ಮುಂದೆ ನಿಲ್ಲುತ್ತಿದ್ದರು, ಅಷ್ಟೆ. ನಮ್ಮ ಕಡೆಯ ಪದ್ಧತಿಯೇ ಹಾಗೆ. ಬೆಟ್ಟ ಎಷ್ಟೇ ದೊಡ್ಡದಿರಲಿ, ಅದರ ಮುಂದೆ ನಮ್ಮವರೊಬ್ಬರು ಸೆರಗು ಸರಿಮಾಡಿಕೊಂಡು ನಿಲ್ಲದಿದ್ದರೆ ಅಲ್ಲಿಗೆ ಹೋಗಿದ್ದೆವು ಅನ್ನುವುದಕ್ಕೆ ಸಾಕ್ಷಿ ಏನು? ಹೀಗಾಗಿ ಕೇದಾರದ ಮುಂದೆಯೂ ಶಿವರುದ್ರಮ್ಮ, ಗಂಗೋತ್ರಿಯ ಮುಂದೆಯೂ ಶಿವರುದ್ರಮ್ಮ, ಹಿಮದ ಗುಡ್ಡೆಯ ಮುಂದೆ ಮಂಕಿ ಕ್ಯಾಪ್ ಹಾಕಿಕೊಂಡ ಶಿವರುದ್ರಮ್ಮ.

ಈ ಸಲದ ಮಳೆಗಾಲದಲ್ಲಿ ಗಂಗೋತ್ರಿ ದಾರಿಯ ಒಂದು ಕಣಿವೆಯಲ್ಲಿ ಗುಡ್ಡ ಜರುಗಿ ಊರಿಗೆ ಹೊಳೆ ನುಗ್ಗಿತು. ಟಿವಿಯಲ್ಲಿ ಆ ಊರು ಕಂಡಾಗ ಸದಾಶಿವಯ್ಯನವರ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಹಿಂದಿನ ವರ್ಷ ರಸ್ತೆ ಕುಸಿದು ಅವರ ಬಸ್ಸು ನಿಂತಿದ್ದು ಅಲ್ಲೇ. ಮಾರನೆಯ ದಿನವೇ ಮಠದ ಸಮಿತಿಯವರ ಹತ್ತಿರ ಹೋಗಿ, ತಮ್ಮ ಫೋಟೋಗಳ ಪ್ರದರ್ಶನ ಇಟ್ಟು, ಮಾರಿ ಬಂದದ್ದನ್ನೆಲ್ಲ ಅಲ್ಲಿಗೆ ಕಳಿಸೋಣ ಅಂದರು. ಸಮಿತಿಯವರು ಸಮುದಾಯ ಭವನವನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರು. ಮರುಕ ನಿಜವಾದದ್ದೇ. ಆದರೆ ತಮ್ಮ ಫೋಟೋಗಳನ್ನು ನಾಲ್ಕು ಜನ ಗೋಡೆಯ ಮೇಲೆ ನೋಡಲಿ ಎಂಬ ಆಸೆಯೂ ಇತ್ತು, ಸುಳ್ಳೇಕೆ ಹೇಳಬೇಕು.

ಪ್ರಿಂಟು ಹಾಕಿಸಲು ಕುಣಿಗಲ್‌ಗೆ ಹೋದರು. ಅಲ್ಲಿ ಅವರ ಅಕ್ಕನ ಮಗ ಮಲ್ಲಿಕಾರ್ಜುನನದು ಸ್ಟುಡಿಯೋ ಇದೆ. ಅವನು ಫೋಟೋಗಳನ್ನು ಒಂದೊಂದಾಗಿ ನೋಡಿ ತಲೆ ಕೆರೆದುಕೊಂಡ.

"ಮಾವ, ಫೋಟೋ ಏನೋ ಸೂಪರ್ ಆಗವೆ. ಆದ್ರೆ ದುಡ್ಡು ಕೊಟ್ಟು ತಗಳೋರು ಅವ್ರ ಮನೆ ಗೋಡೆ ಮೇಲೆ ನಮ್ಮತ್ತೇನ ಯಾಕ್ ನೇತಾಕ್ಕೋತಾರೆ?"

ಇದು ಸದಾಶಿವಯ್ಯನವರಿಗೆ ಹೊಳೆದೇ ಇರಲಿಲ್ಲ. "ತೆಗೆಯಕ್ಕಾಗುತ್ತೇನ್ಲಾ?"

"ಈಗ ಅದುಕ್ಕೇ ಸಾಫ್ಟ್‌ವೇರ್ ಬಂದೈತೆ. ಜನ ಎಲ್ಲಿದ್ರೂ ಅದೇ ಹುಡುಕಿ ಅಳಿಸ್‌ಬುಡುತ್ತೆ. ಆ ಜಾಗಕ್ಕೆ ಕಲ್ಲು, ಹುಲ್ಲು ಎಲ್ಲಾ ಅದೇ ತುಂಬುತ್ತೆ. ಅತ್ತೆಗೆ ನೀವೇ ಹೇಳ್ಬೇಕು, ನಾನಂತೂ ಹೇಳಲ್ಲ."

ಹೇಳಬೇಕೆಂದೇ ಸದಾಶಿವಯ್ಯ ಮನೆಗೆ ಬಂದರು. ಶಿವರುದ್ರಮ್ಮ ಫೋನಿನಲ್ಲಿದ್ದರು. ಅವರ ತವರು ಗುಬ್ಬಿ. ತಂಗಿ ಕೋಮಲಾಗೆ ಹೇಳುತ್ತಿದ್ದರು: "ಎಲ್ಲಾ ನಂದೇ ಕಣೇ ಫೋಟೋ. ಇಷ್ಟಿಷ್ಟಗಲ ಪ್ರಿಂಟ್ ಹಾಕುಸ್ತವ್ರೆ. ನಮ್ಮನೆ ಕಡೆಯೋರು ಒಬ್ರೂ ತಪ್ಪಿಸ್ಕೋಬಾರ್ದು, ವ್ಯಾನ್ ಮಾಡ್ಕೊಂಡ್ ಬನ್ನಿ." ಒಂದು ಡಬ್ಬಿ ಮೊಳೆಗೆ ಅರ್ಧ ದಿನ ಚೌಕಾಸಿ ಮಾಡಬಲ್ಲ ಮನುಷ್ಯನ ಬಾಯಿ ಅವತ್ತು ಕಟ್ಟಿಹೋಯಿತು. ಮರುದಿನವೂ ಹೇಳಲಿಲ್ಲ, ಅದರ ಮರುದಿನವೂ ಇಲ್ಲ. ಮಾತು ಬಾಯೊಳಗಿನ ಬಿಸಿ ತುಪ್ಪವಾಗಿ, ನುಂಗುವುದಕ್ಕೂ ಆಗದೆ ಉಗುಳುವುದಕ್ಕೂ ಆಗದೆ ಪ್ರದರ್ಶನದ ದಿನವೇ ಬಂದುಬಿಟ್ಟಿತು.

ಬೆಳಗ್ಗೆ ಮಠದ ಸ್ವಾಮಿಗಳು ದೀಪ ಹಚ್ಚಿ ಹೋದರು. ಜನ ಚೆನ್ನಾಗಿಯೇ ಸೇರಿದರು. ಬರೀ ಬೆಟ್ಟ, ಬರೀ ಹಿಮ, ಬರೀ ಹೊಳೆ. ನೋಡಿದವರೆಲ್ಲ ಕ್ಯಾಲೆಂಡರ್ ಇದ್ದ ಹಾಗಿದೆ ಅಂದರು, ಅದಕ್ಕಿಂತ ದೊಡ್ಡ ಹೊಗಳಿಕೆ ನಮ್ಮಲ್ಲಿಲ್ಲ. ನಟ್ಟನಡುವೆ ಎಲ್ಲಕ್ಕಿಂತ ದೊಡ್ಡದಾಗಿ ಆ ಕೊಚ್ಚಿಹೋದ ಕಣಿವೆಯ ಫೋಟೋ ಇತ್ತು. ಸಮಿತಿಯ ಅಧ್ಯಕ್ಷರಾದ ರೈಸ್ ಮಿಲ್ಲಿನ ಪರಮಶಿವಯ್ಯ ಅದನ್ನು ತಮ್ಮ ಮನೆಯ ಹಾಲ್‌ಗೆ ಬೇಕೆಂದು ಆಗಲೇ ಹೇಳಿಟ್ಟರು.

ಅಷ್ಟರಲ್ಲಿ ಗುಬ್ಬಿಯ ವ್ಯಾನು ಬಂತು. ತವರಿನವರ ಜೊತೆಯಲ್ಲೇ ನೋಡಬೇಕೆಂದು ಅಲ್ಲಿಯವರೆಗೆ ಒಳಗೆ ಕಾಲಿಡದಿದ್ದ ಶಿವರುದ್ರಮ್ಮ ಹೊಸ ರೇಷ್ಮೆ ಸೀರೆಯುಟ್ಟು ಅವರನ್ನು ಎದುರುಗೊಂಡು ಒಳಗೆ ಕರೆತಂದರು. ಸದಾಶಿವಯ್ಯ ಸರಿಯಾಗಿಯೇ ಇದ್ದ ಫ್ರೇಮೊಂದನ್ನು ಸರಿಮಾಡುತ್ತಾ ಗೋಡೆಗೆ ಮುಖ ಮಾಡಿ ನಿಂತರು.

"ಅಕ್ಕಾ, ನೀನೆಲ್ಲಿ?" ಅಂದಳು ಕೋಮಲಾ.

ಶಿವರುದ್ರಮ್ಮ ಮೊದಲ ಫೋಟೋ ನೋಡಿದರು, ಎರಡನೆಯದು ನೋಡಿದರು, ಗಂಡನ ಬೆನ್ನು ನೋಡಿದರು. ಸದಾಶಿವಯ್ಯ ಸಿಡಿಲಿಗೆ ಕಾಯುವವರಂತೆ ಕಾದರು. ಸಿಡಿಲು ಬೀಳಲಿಲ್ಲ. ಆಕೆ ತಂಗಿಯ ಕೈಹಿಡಿದು ಮೊದಲ ಫೋಟೋದ ಹುಲ್ಲಿನ ಮೇಲೆ ಬೆರಳಿಟ್ಟರು.

"ನಾನ್ ಇಲ್ಲಿ ನಿಂತಿದ್ದೆ. ಅವತ್ತು ತಲೆನೋವು ಅಂದ್ರೆ ತಲೆನೋವು ಕಣೇ." ಮುಂದಿನದಕ್ಕೆ ಹೋದರು. "ಇಲ್ಲಿ, ಈ ಕಲ್ಲಿನ ಮುಂದೆ. ಚಪ್ಪಲಿ ಕಿತ್ತೋಗಿ ಒಂದೇ ಕಾಲಲ್ಲಿ ನಿಂತಿದೀನಿ."

ಗುಬ್ಬಿಯವರು ಖಾಲಿ ಜಾಗಗಳನ್ನು ನೋಡಿ ತಲೆದೂಗುತ್ತಾ ಹಿಂದೆ ನಡೆದರು. ಕೊಳ್ಳಲು ಬಂದವರೂ ನಗುತ್ತಾ ಸೇರಿಕೊಂಡರು. ಸದಾಶಿವಯ್ಯನವರ ಕಿವಿ ಕೆಂಪಗಾದವು. ಆದರೂ ಇಷ್ಟಕ್ಕೇ ಮುಗಿಯಿತಲ್ಲ, ಬದುಕಿದೆ ಅಂದುಕೊಂಡರು.

ಕಣಿವೆಯ ಫೋಟೋದ ಮೇಲೆ ಬೆರಳಿಡಲು ಹೋದ ಆಕೆ ಗಂಡನ ಕಡೆ ತಿರುಗಿದರು.

"ರೀ, ಬನ್ನಿ ಇಲ್ಲಿ. ಆಶಾ ಎಲ್ಲಿ?"

"ಯಾವ ಆಶಾ?"

"ಟೀ ಅಂಗಡಿಯವ್ಳು. ರೋಡ್ ಕಟ್ಟಾದಾಗ ಅವಳ ಮನೇಲೇ ಅಲ್ವಾ ನಾವು ಮಲಗಿದ್ದು? ಇಲ್ಲೇ ನನ್ ಪಕ್ಕ ನಿಂತಿದ್ಲಲ್ಲ."

ಆ ಜಾಗದಲ್ಲಿ ಈಗ ಹೂಬಿಟ್ಟ ಹುಲ್ಲಿತ್ತು. ಯಾರು ಅತ್ತೆ, ಯಾರು ಆ ಊರಿನವರು ಎಂದು ಸಾಫ್ಟ್‌ವೇರಿಗೇನು ಗೊತ್ತು. ಸದಾಶಿವಯ್ಯನವರಿಗೂ ಆ ಹೆಂಗಸಿನ ಹೆಸರು ಗೊತ್ತಿರಲಿಲ್ಲ. ಅವಳ ಮನೆಯ ರೊಟ್ಟಿ ತಿಂದಿದ್ದರು. ಹಿಂದಿ ಬರದ ಹೆಂಡತಿ, ಕನ್ನಡ ಬರದ ಅವಳು ಒಲೆಯ ಮುಂದೆ ಗಂಟೆಗಟ್ಟಲೆ ಮಾತಾಡಿದ್ದನ್ನು ಕಂಡು ನಕ್ಕಿದ್ದರು. ಹೆಸರು ಮಾತ್ರ ಕೇಳಿರಲಿಲ್ಲ.

"ನನ್ನ ತೆಗೆದಿದ್ದಕ್ಕೆ ಬೇಜಾರಿಲ್ಲ ಅಂತ ಸುಳ್ ಹೇಳಲ್ಲ," ಅಂದರು ಶಿವರುದ್ರಮ್ಮ. "ತುಂಬಾ ಬೇಜಾರಾಗಿದೆ. ಆದ್ರೂ ನಾನ್ ಮನೇಲಿದೀನಿ, ದಿನಾ ನೋಡ್ತೀರ. ಅವ್ಳು ಬದುಕವ್ಳೋ ಇಲ್ವೋ ಗೊತ್ತಿಲ್ಲ. ಅವ್ಳ ಹೆಸ್ರಲ್ಲಿ ದುಡ್ಡು ಎತ್ತಿ ಅವ್ಳನ್ನೇ ಅಳ್ಸಿದೀರಲ್ರೀ. ಹೊಳೆ ಅಳ್ಸಿದ್ದು ಸಾಲ್ದಾಗಿತ್ತಾ?"

 ಪರಮಶಿವಯ್ಯನವರು ಹತ್ತಿರ ಬಂದು ಮೆಲ್ಲಗೆ ಅಂದರು: "ಸದಾಶಿವಯ್ನೋರೆ, ಇದು ಬೇಡ. ಆ ಹೆಣ್ಣುಮಗಳು ಇರೋದನ್ನೇ ಹಾಕ್ಸಿಕೊಡಿ. ನಂಗೆ ಅದೇ ಇರ್ಲಿ."

ಸದಾಶಿವಯ್ಯ ಫ್ರೇಮನ್ನು ತಾವೇ ಕೆಳಗಿಳಿಸಿ ಕಾರಿಗೆ ಹಾಕಿಕೊಂಡು, ಊಟವನ್ನೂ ಮಾಡದೆ ಕುಣಿಗಲ್‌ಗೆ ಹೊರಟರು. ಮೂಲ ಫೋಟೋ ಮಲ್ಲಿಕಾರ್ಜುನನ ಕಂಪ್ಯೂಟರಿನಲ್ಲಿ ಭದ್ರವಾಗಿತ್ತು. ಅದನ್ನು ಕೇಳಿ ಅವರಿಗೆ ಜೀವ ಬಂತು. ಜೀವ ಬಂದೊಡನೆ ವ್ಯಾಪಾರವೂ ನೆನಪಾಯಿತು. ನೆಂಟರ ಮೇಲೆ ಪ್ರೀತಿ, ಅಕ್ಕಿಯ ಮೇಲೆ ಆಸೆ.

"ಆ ಹೆಂಗಸನ್ನ ವಾಪಸ್ ಹಾಕು. ನಿಮ್ಮತ್ತೆ ಬೇಡ, ತಗಳೋರು ಪರಮಶಿವಯ್ನೋರು," ಅಂದರು.

ಮಲ್ಲಿಕಾರ್ಜುನ ಫೋಟೋವನ್ನು ಹಿಗ್ಗಿಸಿದ. ಅಲ್ಲಿ ಇಲ್ಲಿ ಒತ್ತಿ ನೋಡಿದ. ಆಮೇಲೆ ಕುರ್ಚಿಗೆ ಒರಗಿದ.

"ಆಗಲ್ಲ ಮಾವ. ನೀವೇ ನೋಡಿ."

ಸದಾಶಿವಯ್ಯ ಕನ್ನಡಕ ಒರೆಸಿಕೊಂಡು ಬಗ್ಗಿದರು. ಶಿವರುದ್ರಮ್ಮ ಶಾಲನ್ನು ಬಸ್ಸಿನಲ್ಲೇ ಬಿಟ್ಟು ಇಳಿದಿದ್ದರೇನೋ, ಚಳಿಗೆ ಮುದುರಿಕೊಂಡಿದ್ದರು. ಟೀ ಅಂಗಡಿಯವಳು ತಾನು ಹೊದ್ದಿದ್ದ ಶಾಲನ್ನು ಬಿಚ್ಚಿ, ಅರ್ಧವನ್ನು ಅವರ ಮೈಮೇಲೆಳೆದು, ಎರಡು ಅಂಚನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದಿದ್ದಳು. ಒಂದು ಶಾಲು, ಎರಡು ತಲೆ. ಇಬ್ಬರೂ ನಗುತ್ತಿದ್ದರು.

"ಒಬ್ರನ್ನ ತೆಗದ್ರೆ ಇನ್ನೊಬ್ರಿಗೆ ಅರ್ಧ ಮೈಯೇ ಇರಲ್ಲ," ಅಂದ ಮಲ್ಲಿಕಾರ್ಜುನ.

ಈ ಫೋಟೋ ಹೊಡೆದವರು ತಾವೇ. ಅವತ್ತು ಇಬ್ಬರನ್ನೂ "ಸ್ವಲ್ಪ ಪಕ್ಕಕ್ಕೆ ಸರೀರಿ, ಬೆಟ್ಟ ಕಾಣ್ತಿಲ್ಲ" ಎಂದು ಗದರಿದ್ದೂ ತಾವೇ. ಸದಾಶಿವಯ್ಯನವರಿಗೆ ನಾಚಿಕೆಯಾಯಿತು. ಅಳಿಯನ ಮುಂದೆ ಕಣ್ಣು ತುಂಬಿಕೊಂಡದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

"ಹಂಗೇ ಹಾಕು," ಅಂದರು. "ಇಬ್ರ ಮುಖಾನೂ ಚೆನ್ನಾಗ್ ಕಾಣೋ ಹಂಗೆ ದೊಡ್ಡದ್ ಮಾಡಾಕು."

"ಅಷ್ಟು ದೊಡ್ಡದ್ ಮಾಡಿದ್ರೆ ಬೆಟ್ಟ ಕಟ್ಟಾಗುತ್ತೆ ಮಾವ."

"ಬೆಟ್ಟ ಹೋಗ್ಲಿ ಬುಡು," ಅಂದರು ಸದಾಶಿವಯ್ಯ.