ಸಮಪಾಲು

ಪಂಪಿನ ಬಿಡಿಭಾಗಗಳನ್ನು ಹೊರದೇಶಗಳಿಗೆ ಕಳಿಸುವ ಆ ಕಂಪನಿಯಲ್ಲಿ ಅವಳದು ಕಿಟಕಿಯಿಲ್ಲದ ಮೂಲೆಯ ಮೇಜು. ಯಾರ ಜೊತೆ ವ್ಯಾಪಾರ ಮಾಡಕೂಡದೆಂದು ಸರ್ಕಾರಗಳು ಹೊರಡಿಸುವ ನಿಷೇಧದ ಪಟ್ಟಿ ದಿನವೂ ಬದಲಾಗುತ್ತಿತ್ತು. ಗ್ರಾಹಕರ, ಅವರ ಪಾಲುದಾರರ ಹೆಸರುಗಳನ್ನು ಕಂಪ್ಯೂಟರು ಅದರೊಡನೆ ಹೋಲಿಸಿ, ತಾಳೆಯಾದದ್ದನ್ನು ಕೆಂಪಾಗಿ ತೋರಿಸುತ್ತಿತ್ತು. ನೂರಕ್ಕೆ ತೊಂಬತ್ತೊಂಬತ್ತು ಸಲ ಅದು ಬೇರೆ ಯಾರೋ. ಹುಟ್ಟಿದ ದಿನ, ವಿಳಾಸ ನೋಡಿ ‘ಇವನಲ್ಲ’ ಎಂದು ಕಾರಣ ಬರೆದು ಬಿಡುವುದೇ ಅವಳ ನೌಕರಿ. ಒಂದು ಮಾತಾಡಬೇಕಾದರೆ ಮನಸ್ಸಿನಲ್ಲೇ ಮೂರು ಸಲ ಒಪ್ಪಿಸಿಕೊಳ್ಳುವ ಹುಡುಗಿಗೆ ಹೇಳಿ ಮಾಡಿಸಿದ ಕೆಲಸ.

“ಏನಮ್ಮಾ ಜಡ್ಜಮ್ಮ, ಇವತ್ತು ಯಾರನ್ನ ಒಳಗೆ ಹಾಕ್ದೆ?” ಎಂದು ಪಕ್ಕದ ಮೇಜಿನ ಸಾಗಣೆ ಗುಮಾಸ್ತ ದಿನವೂ ಕೇಳುತ್ತಿದ್ದ. ಅವಳು ದಿನವೂ ನಕ್ಕು ಪರದೆಯತ್ತ ತಿರುಗುತ್ತಿದ್ದಳು.

ಆ ಮಂಗಳವಾರ ಕೆಂಪಾದ ಹೆಸರಿಗೆ ಹುಟ್ಟಿದ ದಿನವೂ ತಾಳೆಯಾಯಿತು. ವಿಳಾಸವೂ. ಪಾಸ್‌ಪೋರ್ಟ್ ಸಂಖ್ಯೆಯೂ. ಅವನು ಅಕ್ಕನ ತಮ್ಮ.

ಒಡಹುಟ್ಟಿದ ಅಕ್ಕನೇನಲ್ಲ; ಮುಖ ನೋಡಿದ್ದೂ ಇಲ್ಲ. ಕಡಲಾಚೆ ಪಂಪು ರಿಪೇರಿಯ ಕಾರ್ಖಾನೆ ನಡೆಸುವ ಕನ್ನಡತಿ ಗ್ರಾಹಕಿ. ಎರಡು ವರ್ಷದ ಹಿಂದೆ ಮೊದಲ ಸಲ ಫಾರಂ ತುಂಬಿಸುವಾಗ ಇವಳು ತೊದಲುತ್ತ ‘ಮೇಡಂ’ ಎಂದಿದ್ದಕ್ಕೆ, “ಯಾವ ಮೇಡಮ್ಮೇ? ಅಕ್ಕ ಅನ್ನು, ಬಾಯಿ ಸವೆಯಲ್ಲ” ಎಂದಿದ್ದಳು. ಪಾಲು ಎಷ್ಟೆಷ್ಟು ಎಂದು ಕೇಳಿದಾಗ ಜೋರಾಗಿ ನಕ್ಕಿದ್ದಳು. “ದುಡಿಯೋದೆಲ್ಲ ನಾನು, ಊರೂರು ಸುತ್ತೋದೆಲ್ಲ ಅವ್ನು. ಆದ್ರೂ ಸಮಪಾಲು ಅಂತಲೇ ಬರ್ಕೊ. ಅಪ್ಪ ಹೋದಾಗ ಅವ್ನಿಗಿನ್ನೂ ಒಂಬತ್ತು ವರ್ಷ. ನಾನೇ ಎತ್ತಿ ಆಡ್ಸಿದವನಿಗೆ ಕಮ್ಮಿ ಕೊಡೋಕಾಗುತ್ತಾ?”

ಈಗ ಆ ತಮ್ಮ ಯಾವುದೋ ಯುದ್ಧಕ್ಕೆ ಕದ್ದುಮುಚ್ಚಿ ಡ್ರೋನ್ ಎಂಜಿನ್ನಿನ ಭಾಗಗಳನ್ನು ಸಾಗಿಸಿದನೆಂದು ಪಟ್ಟಿ ಸೇರಿದ್ದ. ಪಟ್ಟಿಯಲ್ಲಿರುವವನ ಪಾಲು ಅರ್ಧ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಇಡೀ ಸಂಸ್ಥೆಯೇ ಪಟ್ಟಿಯಲ್ಲಿದ್ದಂತೆ ಎಂಬುದು ನಿಯಮ. ಅರ್ಧಕ್ಕೆ ಒಂದು ಕೂದಲೆಳೆ ಕಮ್ಮಿಯಿದ್ದರೂ ಸಾಕು, ಸಂಸ್ಥೆ ಪಾರು.

“ಸರಕು ನಿಲ್ಸು, ಪಾಲಿನ ಹೊಸ ಕಾಗದ ತರ್ಸು,” ಎಂದರು ವಿಭಾಗದ ಮೇಡಂ. “ನೀನು ನೋಡಿ ಸರಿ ಅಂದ್ರೆ ನಾನು ಕಣ್ಣು ಮುಚ್ಚಿ ಸಹಿ ಹಾಕ್ತೀನಿ. ಕಾರಣ ಮಾತ್ರ ಅವ್ರಿಗೆ ಬಾಯಿ ಬಿಡ್ಬೇಡ.”

ಮಧ್ಯಾಹ್ನ ಅಕ್ಕನದೇ ಫೋನು ಬಂತು. “ಏನೇ, ನನ್ನ ಸೀಲು ಬೇರಿಂಗು ಬಂದರಲ್ಲೇ ಸಂಸಾರ ಹೂಡ್ಬಿಟ್ವಾ?”

“ಪರಿಶೀಲನೇಲಿದೆ ಅಕ್ಕಾ. ಪಾಲಿನ ಹೊಸ ಕಾಗದ ಬೇಕಂತೆ.”

ಆ ಕಡೆ ನಗು ನಿಂತಿತು. “ಬ್ಯಾಂಕಿನವ್ನೂ ಬೆಳಿಗ್ಗೆ ಇದೇ ರಾಗ ತೆಗ್ದ. ಏನು ಮಾಡ್ಕೊಂಡಿದಾನೆ ನನ್ನ ತಮ್ಮ?”

“ನಾನು ಹೇಳೋ ಹಾಗಿಲ್ಲ ಅಕ್ಕಾ.”

“ಹನ್ನೊಂದು ಜನ ನನ್ನ ಕೈ ನೋಡ್ಕೊಂಡು ಕೂತಿದಾರೆ ಕಣೇ. ಆಸ್ಪತ್ರೆ ಪಂಪು ಬಿಚ್ಚಿ ಹಾಕಿದೀವಿ,” ಎಂದವಳು ದನಿ ತಗ್ಗಿಸಿ, “ಆಯ್ತು. ಕಳಿಸ್ತೀನಿ,” ಎಂದಳು.

ಗುರುವಾರ ಕಾಗದ ಬಂತು. ತಮ್ಮ ತನ್ನ ಶೇಕಡಾ ಐವತ್ತರಲ್ಲಿ ಎರಡನ್ನು ಅಕ್ಕನಿಗೆ ಬರೆದುಕೊಟ್ಟಿದ್ದ. ಮೊಹರು, ಸಾಕ್ಷಿ, ಎಲ್ಲ ಅಚ್ಚುಕಟ್ಟು. ತಾರೀಖು ಎರಡು ತಿಂಗಳ ಹಿಂದಿನದು, ಎಂದರೆ ಅವನು ಪಟ್ಟಿ ಸೇರುವುದಕ್ಕಿಂತ ಎಷ್ಟೋ ಮೊದಲಿನದು. ‘ಸರಿಯಿದೆ’ ಎಂದು ಒಂದು ಪದ ಬರೆದರೆ ಮುಗಿಯಿತು.

ಆದರೆ ಅವಳ ಫೈಲಿನಲ್ಲಿ ಇನ್ನೊಂದು ಕಾಗದವಿತ್ತು. ಪ್ರತಿ ಗ್ರಾಹಕರೂ ವರ್ಷಕ್ಕೊಮ್ಮೆ ಕೊಡುವ ಪಾಲಿನ ಘೋಷಣೆ. ಮೂರೇ ವಾರದ ಹಿಂದೆ ಅಕ್ಕ ಅದರಲ್ಲಿ ‘ಎಂದಿನಂತೆ ಸಮಪಾಲು’ ಎಂದು ಬರೆದು ಸಹಿ ಹಾಕಿದ್ದಳು. ಆ ಫೈಲನ್ನು ಇವಳಲ್ಲದೆ ಬೇರಾರೂ ತೆರೆಯುತ್ತಿರಲಿಲ್ಲ.

ಎರಡು ಕಾಗದಗಳನ್ನೂ ಮುಂದಿಟ್ಟುಕೊಂಡು ಕೂತಳು. ಚಹಾ ಆರಿ ಕೆನೆಗಟ್ಟಿತು. ಆ ಬೇರಿಂಗುಗಳು ಆಸ್ಪತ್ರೆಗೇ ಹೋಗುತ್ತವೆ, ಅಕ್ಕ ಅಂಥವಳಲ್ಲ ಎಂದಿತು ಮನಸ್ಸು. ಅಕ್ಕ ತಾರೀಖು ತಿದ್ದುವವಳಲ್ಲ ಎಂದೂ ನಿನ್ನೆಯವರೆಗೆ ಇದೇ ಮನಸ್ಸು ಆಣೆ ಮಾಡುತ್ತಿತ್ತು. ಆ ತಮ್ಮ ಕಳಿಸಿದ ಭಾಗಗಳು ಎಲ್ಲಿ ಹಾರಿ ಯಾರ ಮಾಳಿಗೆಯ ಮೇಲೆ ಬಿದ್ದವೋ. ಅಕ್ಕನ ಗೋದಾಮಿನ ಬೀಗದ ಕೈ ಅವನ ಹತ್ತಿರವೂ ಇರಬಹುದು, ಇಲ್ಲದಿರಬಹುದು. ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ‘ಸರಿಯಿದೆ’ ಎಂದು ಬರೆಯಲು ಕೈ ಏಳಲಿಲ್ಲ.

“ಏನಾಯ್ತು? ಸರಿ ಇದೆಯಾ?” ಎಂದು ಮೇಡಂ ಹಾದುಹೋಗುತ್ತ ಕೇಳಿದರು.

ಅವಳು ಎರಡನ್ನೂ ಎತ್ತಿ ಕೊಟ್ಟಳು. ಮೇಡಂ ಒಂದರ ಪಕ್ಕ ಒಂದಿಟ್ಟು ನೋಡಿ ಸಿಳ್ಳೆ ಹಾಕಿದಂತೆ ಉಸಿರುಬಿಟ್ಟರು. “ಭಲೇ! ಒಳ್ಳೆ ಕಣ್ಣು ನಿಂದು.”

ಸಾಗಣೆ ಗುಮಾಸ್ತ ಅಂದು ತಮಾಷೆ ಮಾಡಲಿಲ್ಲ. ಬಂದರಿನಿಂದ ಪೆಟ್ಟಿಗೆಗಳನ್ನು ವಾಪಸು ತರಿಸುವ ಚೀಟಿ ಬರೆಯುತ್ತ ತಲೆ ತಗ್ಗಿಸಿಯೇ ಇದ್ದ.

ಶುಕ್ರವಾರ ಫೋನು ಬಂತು.

“ಕಾಗದ ನೀನೇ ನೋಡಿದ್ದಾ?”

“ಹೂಂ ಅಕ್ಕಾ.”

“ನೀನೇ ನೋಡ್ತೀಯ ಅಂತ ಗೊತ್ತಿತ್ತು. ಅದಕ್ಕೇ ಧೈರ್ಯ ಮಾಡಿ ಕಳಿಸ್ದೆ.” ಹಿಂದೆ ಯಾವ ಯಂತ್ರದ ಸದ್ದೂ ಇರಲಿಲ್ಲ. “ಜನ್ಮದಲ್ಲಿ ಒಂದೇ ಒಂದು ಸುಳ್ಳು ತಾರೀಖು ಹಾಕಿದ್ದು ಕಣೇ. ಅದೂ ನಿನ್ನ ಕೈಗೇ ಸಿಗ್ಬೇಕಾ?”

ಅವಳು ಮನಸ್ಸಿನಲ್ಲೇ ಮಾತನ್ನು ಎರಡನೇ ಸಲ ಒಪ್ಪಿಸಿಕೊಳ್ಳುವಷ್ಟರಲ್ಲಿ ಆ ಕಡೆಯಿಂದ ಫೋನು ಇಟ್ಟ ಸದ್ದಾಯಿತು.

ತಡೆಹಿಡಿದ ಗ್ರಾಹಕರು ಫೋನು ಮಾಡಿದರೆ ಅದನ್ನೂ ದಾಖಲಿಸಬೇಕು. ಸಮಯ ಬರೆದಳು. ‘ಮಾತಾಡಿದ ವಿಷಯ’ ಎಂಬ ಜಾಗ ಖಾಲಿ ಬಿಟ್ಟರೆ ಕಂಪ್ಯೂಟರು ಮುಂದಕ್ಕೆ ಹೋಗುತ್ತಿರಲಿಲ್ಲ. ಅಕ್ಕ ಬಾಯಾರೆ ಒಪ್ಪಿಕೊಂಡದ್ದನ್ನು ಅಲ್ಲಿ ಬರೆದರೆ ನಾಳೆ ಅಕ್ಕನ ಹೆಸರೂ ಪಟ್ಟಿಗೆ ಹತ್ತೀತು. ಬಹಳ ಹೊತ್ತು ಬೆರಳು ಕೀಲಿಗಳ ಮೇಲೆ ನಿಂತಿತ್ತು. ಆಮೇಲೆ, ಆ ಮೇಜಿಗೆ ಬಂದ ಮೇಲೆ ಮೊದಲ ಸಲ, ಅವಳು ದಾಖಲೆಯಲ್ಲಿ ಸುಳ್ಳು ಬರೆದಳು: ‘ಸರಕಿನ ಬಗ್ಗೆ ವಿಚಾರಿಸಿದರು. ಬೇರೇನೂ ಹೇಳಲಿಲ್ಲ.’