ಪಟ್ಟಿ ಸುತ್ತದೇ ಹೋದ ತೋಳು

ನಾನು ಬಿ.ಪಿ. ನೋಡುವ ಒಂದು ಹಳೆಯ ಯಂತ್ರ. ಬ್ಯಾಟರಿಯದಲ್ಲ, ಪಾದರಸದ್ದು. ಕಾರ್ಖಾನೆಯಲ್ಲಿ ಒಬ್ಬ ಮುದುಕ ನನ್ನ ಗಾಜಿನ ನಳಿಗೆಗೆ ಪಾದರಸ ತುಂಬಿ, ಅದು ಸರಿಯಾಗಿ ಸೊನ್ನೆಗೆ ನಿಂತ ಮೇಲೆಯೇ ನನ್ನನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಕೂರಿಸಿದ.

ಬೆಟಗೇರಿಯಲ್ಲಿ ಎರಡು ಕೋಣೆಯ ದವಾಖಾನೆ ತೆರೆದ ಡಾಕ್ಟರ್ ಹಾಲಪ್ಪ ನನ್ನನ್ನು ಕೊಂಡರು. ಒಳ್ಳೆಯವರು. ರೋಗಿಯ ಮಾತು ಮುಗಿಯುವವರೆಗೆ ಪೆನ್ನು ಮುಟ್ಟುತ್ತಿರಲಿಲ್ಲ.

ನೀಲಗಂಗವ್ವ ಮೊದಲ ಸಲ ಬಂದಾಗ ಅವಳಿಗೆ ಮೂವತ್ತೈದು. ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಹುಬ್ಬಳ್ಳಿಯ ರಕ್ತಪರೀಕ್ಷೆಯಲ್ಲಿ ರುಮಟಾಯ್ಡ್ ಸಂಧಿವಾತ ಎಂದು ಬಂತು.

"ಮೈ ಕಾಯೋ ಶಕ್ತೀನ ದಾರಿ ತಪ್ಪಿ ನಿನ್ನ ಕೀಲಿಗೆ ಹೊಡಿಯಾಕತ್ತೇತವ್ವ," ಎಂದರು ಡಾಕ್ಟರು.

"ಮನಿ ನಾಯೀನ ಮನಿಯವರ್ನ ಕಚ್ಚಿದಂಗಾತಲ್ರಿ!" ಎಂದು ಅವಳು ನಕ್ಕಳು.

ಅಂದಿನಿಂದ ಎಂಟು ವರ್ಷ, ಪ್ರತಿ ತಿಂಗಳೂ ಬಂದಳು. ಡಾಕ್ಟರು ಅವಳ ಒಂದೊಂದೇ ಬೆರಳನ್ನು ಮೆಲ್ಲಗೆ ಒತ್ತಿ ನೋಡುವರು. ಆಮೇಲೆ ನನ್ನತ್ತ ಕೈ ಚಾಚುವರು.

"ಬ್ಯಾಡ್ರಿ ಸಾಹೇಬ್ರ, ಪಟ್ಟಿ ಬಿಗಿದ್ರ ಮೊಣಕೈ ಭಾಳ ನೋಯ್ತೈತಿ."

"ಆತು, ಮುಂದಿನ ಸಲ ನೋಡೂಣು." ತೆಳ್ಳಗಿನ ಹೆಂಗಸು, ಇನ್ನೂ ವಯಸ್ಸಾಗಿಲ್ಲ, ಅವರಿಗೂ ಅವಸರ ಕಾಣಲಿಲ್ಲ. ಚಾಚಿದ ಕೈ ಹಿಂದೆ ಸರಿಯುತ್ತಿತ್ತು.

ಒಂದು ಸೋಮವಾರ ಅವಳು ಎಡಭುಜ ಹಿಡಿದುಕೊಂಡೇ ಬಂದಳು. "ಈ ಸಲ ನೋವು ದವಡಿಗೆ ಏರೇತ್ರಿ. ನಾಕ ಹೆಜ್ಜಿ ನಡದ್ರ ಉಸಿರು ಕಟ್ಟತೈತಿ."

"ಭುಜದ ಕೀಲಿಗೂ ಹಬ್ಬೇತಿ," ಎಂದು ಡಾಕ್ಟರು ನೋವಿನ ಇಂಜೆಕ್ಷನ್ ಕೊಟ್ಟರು. ನಾನು ಒಂದು ಗೇಣು ದೂರದಲ್ಲಿದ್ದೆ. ನನಗೆ ಬಾಯಿಲ್ಲ.

ಗುರುವಾರ ಅವಳ ಗಂಡ ಫಕೀರಪ್ಪ ಬಂದು ಬಾಗಿಲಲ್ಲೇ ನಿಂತ. "ಮಕ್ಕಳಿಗೆ ಸಾರು ಬಡಸ್ತಿದ್ಲಂತ್ರಿ. ಸೌಟು ಇಟ್ಟು ಗ್ವಾಡಿಗೆ ಆತು ಕುಂತ್ಲಂತ. ಹಂಗ ಹೋಗಿಬಿಟ್ಲು."

ಡಾಕ್ಟರು ಮೇಲೇಳಲು ಹೋಗಿ ಮತ್ತೆ ಕುಳಿತರು.

"ಹೃದಯ ನಿಂತದ್ದಂತ್ರಿ. ಇಂಥಾ ಕೀಲುರೋಗ ಇದ್ದವರ ರಕ್ತನಾಳದಾಗೂ ಉರಿ ಇರತೈತಿ, ಉಳಿದವರಿಗಿಂತ ಹೃದಯಕ್ಕ ಅಪಾಯ ಜಾಸ್ತಿ ಅಂದ್ರು ದೊಡ್ಡಾಸ್ಪತ್ರ್ಯಾಗ. ನಮಗೇನ ಗೊತ್ತಿತ್ರಿ?" ಅವನು ಕಣ್ಣೊರೆಸಿಕೊಂಡ. "ನಿಮ್ಮನ್ನ ದೇವರಂಗ ನಂಬಿದ್ಲು. ಅದನ್ನ ಹೇಳಿ ಹೋಗೂಣಂತ ಬಂದೆ."

ಬೈದಿದ್ದರೆ ಹಗುರವಾಗುತ್ತಿತ್ತೇನೋ. ಅವನು ಹೋದ ಮೇಲೆ ಡಾಕ್ಟರು ನನ್ನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತೇಬಿಟ್ಟರು. ಪಾಳಿಗೆ ಕಾದಿದ್ದ ರೋಗಿಗಳು ಬಾಗಿಲು ಬಡಿದರೂ ಏಳಲಿಲ್ಲ.

ಆಮೇಲೆ ಕೀಲುನೋವೆಂದು ಬಂದ ಯಾರನ್ನೂ ಅವರು ನನ್ನ ಪಟ್ಟಿ ಸುತ್ತದೆ ಕಳಿಸಲಿಲ್ಲ. ಕೊಬ್ಬು, ಸಕ್ಕರೆ, ಇಸಿಜಿ ಎಲ್ಲವನ್ನೂ ಹಟ ಹಿಡಿದು ಮಾಡಿಸಿದರು. "ಕೈ ನೋವಿಗೆ ಬಂದೀನ್ರಿ, ಎದಿ ಯಾಕ ನೋಡ್ತೀರಿ?" ಎಂದು ಯಾರಾದರೂ ಕೇಳಿದರೆ ಅವರು ತೋಳು ಚಾಚಿಸಿ ಪಟ್ಟಿ ಸುತ್ತುತ್ತಿದ್ದರು. ಹಾಗೆ ನೋಡಿದ್ದರಿಂದ ಜೀವ ಉಳಿದವರಿದ್ದಾರೆ. ಅವರು ಸಿಹಿ ಹಂಚಲು ಬಂದ ದಿನ ಡಾಕ್ಟರು ಒಂದು ತುಣುಕನ್ನೂ ಬಾಯಿಗೆ ಹಾಕಲಿಲ್ಲ.

ಈಗ ಅವರಿಲ್ಲ. ಅಳಿಯ ದವಾಖಾನೆ ನಡೆಸುತ್ತಾನೆ. ಪಾದರಸ ವಿಷವೆಂದು ನನ್ನನ್ನು ಕಪಾಟಿನ ಕೆಳಗಿನ ಖಾನೆಗೆ ಸೇರಿಸಿದ್ದಾನೆ. ಯಾವಾಗಲಾದರೂ ಒಯ್ಯುವ ಗಾಡಿ ಬರಬಹುದು. ನನ್ನ ಗಾಜು ಮಂಕಾಗಿದೆ, ರಬ್ಬರು ಬಿರಿದಿದೆ. ಈ ಊರಿನ ಸಾವಿರಾರು ಜನರ ರಕ್ತದ ಒತ್ತಡ ಎಷ್ಟೆಂದು ನಾನು ಹೇಳಿದ್ದೇನೆ. ನೀಲಗಂಗವ್ವನದು ಎಷ್ಟಿತ್ತೋ, ನನಗೆ ಗೊತ್ತಿಲ್ಲ.