ಮೂಟೆಯ ತೂಕ

"ಮೂರು ಜನದ್ದೂ ಸೇರಿಸಿ ತೂಕ ಎಷ್ಟು?"

ರೇಸಿನ ದೋಣಿಗೆ ಹೊಸ ಹಾಯಿ ಬೇಕೆಂದು ಬಂದಿದ್ದ ಅಕ್ಕ, ಭಾವ, ತಮ್ಮ ಮೂವರನ್ನು ಹಾಯಿ ಹೊಲಿಯುವ ಅಜ್ಜಿ ಹೀಗೆ ಕೇಳಿದ್ದು ನೆಲದ ಮೇಲಿಂದ. ಮಂಡಿಗೆ ದಪ್ಪ ರಬ್ಬರ್ ಕಟ್ಟಿಕೊಂಡು, ಬಾಯಲ್ಲಿ ಎರಡು ಪಿನ್ನು ಕಚ್ಚಿಕೊಂಡು, ಬ್ಯಾಡ್ಮಿಂಟನ್ ಕೋರ್ಟಿನಷ್ಟು ದೊಡ್ಡ ಮರದ ನೆಲದ ಮೇಲೆ ಅಂಬೆಗಾಲಿಡುತ್ತಲೇ ಅವಳ ಕೆಲಸವೆಲ್ಲ ನಡೆಯುತ್ತಿತ್ತು. ಹೊಲಿಗೆ ಮೆಷಿನ್ನನ್ನೂ ನೆಲದಲ್ಲಿ ಗುಂಡಿ ತೋಡಿ ಇಳಿಸಿದ್ದಳು. ಎಂಟು ಮೀಟರ್ ಉದ್ದದ ಬಟ್ಟೆಯನ್ನು ಮೇಜಿನ ಮೇಲೆತ್ತಿ ಹೊಲಿಯಲಾಗುವುದಿಲ್ಲ. ಅದು ನೆಲದ ಮೇಲೆಯೇ ಜಾರಿಕೊಂಡು ಸೂಜಿಯ ಕೆಳಗೆ ಬರಬೇಕು.

"ಯಾಕಜ್ಜಿ, ನಮ್ಮನ್ನೇನು ಪಾರ್ಸಲ್ ಮಾಡ್ತೀರಾ?" ಅಂದರು ಭಾವ.

"ಭಾರ ಇರೋರಿಗೆ ಹೊಟ್ಟೆ ಇರೋ ಹಾಯಿ, ಹಗುರ ಇರೋರಿಗೆ ಚಪ್ಪಟೆ ಹಾಯಿ. ಹೊಟ್ಟೆ ಇದ್ರೆ ಗಾಳಿ ಜಾಸ್ತಿ ಹಿಡಿಯತ್ತೆ, ದೋಣಿ ಓಡತ್ತೆ. ಆದ್ರೆ ಅದನ್ನ ನೆಟ್ಟಗೆ ಹಿಡಿಯೋಕೆ ಅಂಚಿನ ಮೇಲೆ ಮೈಭಾರ ಬೇಕು. ಇಲ್ದಿದ್ರೆ ಪಕ್ಕಕ್ಕೆ ಮಲಗತ್ತೆ. ಹೇಳಿ, ಎಷ್ಟು?"

"ನಂದು ಅರವತ್ತೊಂದು," ಅಂದಳು ಅಕ್ಕ. "ಇವರದ್ದು ಎಂಬತ್ತನಾಲ್ಕು." ಭಾವ ಎಂಬತ್ತೆರಡು ಅನ್ನಲು ಹೋಗಿ, ಹೆಂಡತಿಯ ಮುಖ ನೋಡಿ ಸುಮ್ಮನಾದರು. ಅಕ್ಕ ತಮ್ಮನ ಕಡೆ ತಿರುಗಿದಳು. "ನಿಂದು ಹೇಳೋ ಮೂಟೆ."

ಮೂಟೆ ಗೋಡೆಗೆ ತೂಗುಹಾಕಿದ್ದ ಬಣ್ಣಬಣ್ಣದ ದಾರದ ಉಂಡೆಗಳನ್ನು ನೋಡುತ್ತ ನಿಂತಿದ್ದ. ಎರಡು ಸ್ವೆಟರ್, ಅದರ ಮೇಲೊಂದು ಜಾಕೆಟ್.

"ಹಳೇದೇ. ತೊಂಬತ್ತೆಂಟು."

ಅಜ್ಜಿ ಕಿವಿಯ ಹಿಂದಿನಿಂದ ಪೆನ್ಸಿಲ್ ತೆಗೆದು, ನೆಲದ ಹಲಗೆಯ ಮೇಲೆ 243 ಎಂದು ಬರೆದಳು.

ಮೂಟೆಯ ಉದ್ಯೋಗವೇ ತೂಕ. ಹೆದ್ದಾರಿಯ ಪಕ್ಕದ ವೇಬ್ರಿಜ್ಜಿನಲ್ಲಿ ಕೂತು ಹದಿನಾರು ವರ್ಷದಿಂದ ಲಾರಿ ತೂಗುತ್ತಿದ್ದ. ಡ್ರೈವರುಗಳು ಎಷ್ಟೇ ಗೋಗರೆದರೂ ಒಂದು ಅಂಕಿ ಆಚೀಚೆ ಮಾಡಿದವನಲ್ಲ. ಆ ಯಂತ್ರಕ್ಕೆ ಇಪ್ಪತ್ತು ಕೆಜಿಗಿಂತ ಸಣ್ಣ ಲೆಕ್ಕ ಬರುವುದಿಲ್ಲ. ಬೆಳಿಗ್ಗೆ ಚಹಾದ ಲೋಟ ಹಿಡಿದು ಅವನೊಬ್ಬನೇ ಅದರ ಮೇಲೆ ನಡೆದುಹೋದರೆ, ಮೊದಲೆಲ್ಲ ಕೆಂಪು ಅಕ್ಷರದಲ್ಲಿ 100 ಬೀಳುತ್ತಿತ್ತು. ಏಳು ತಿಂಗಳ ಹಿಂದೆ ಆಸ್ಪತ್ರೆಯಲ್ಲಿ ಹೊಟ್ಟೆಯ ಒಂದು ಭಾಗವನ್ನು ಬಿಟ್ಟು ಬಂದ ಮೇಲೆ 80 ಬೀಳುತ್ತಿದೆ. ಡಾಕ್ಟರ ಸಣ್ಣ ತೂಕದ ಯಂತ್ರದಲ್ಲಿ ಸರಿಯಾಗಿ ಎಂಬತ್ತೆರಡು. ಮನೆಯವರಿಗೆಲ್ಲ, "ಹೋದ ತೂಕ ಎಲ್ಲಾ ವಾಪಸ್ ಬಂತು" ಅಂದುಬಿಟ್ಟಿದ್ದ. ಮುಖ ಇಳಿದದ್ದನ್ನು ಮಾತ್ರ ಸ್ವೆಟರಿನೊಳಗೆ ಮುಚ್ಚಿಡುವ ಹಾಗಿರಲಿಲ್ಲ. ಅದಕ್ಕೆ ಮೀಸೆಯನ್ನೇ ತೆಗೆದ. ಯಾರಾದರೂ ದಿಟ್ಟಿಸಿದರೆ, "ಮೀಸೆ ಇಲ್ವಲ್ಲ, ಹಾಗೆ ಕಾಣತ್ತೆ" ಅನ್ನುತ್ತಿದ್ದ. ಎಲ್ಲರೂ ನಂಬಿದರು. ನಂಬುವುದಕ್ಕೆ ಎಲ್ಲರಿಗೂ ಮನಸ್ಸಿತ್ತು.

ಅವರ ದೋಣಿಯಲ್ಲಿ ಅಕ್ಕ ಚುಕ್ಕಾಣಿ ಹಿಡಿಯುತ್ತಾಳೆ, ಭಾವ ಮುಂದಿನ ಸಣ್ಣ ಹಾಯಿ ನೋಡಿಕೊಳ್ಳುತ್ತಾರೆ. ಮೂಟೆಯ ಕೆಲಸ ಒಂದೇ. ಗಾಳಿ ಬಂದ ಕಡೆಯ ಅಂಚಿನ ಮೇಲೆ ಕೂತು, ಬೆನ್ನನ್ನು ನೀರಿನ ಮೇಲೆ ಚೆಲ್ಲಿ, ಭಾರವಾಗಿರುವುದು. ಆ ಹೆಸರು ಬಂದದ್ದೂ ಹಾಗೆಯೇ. ವಾರದ ಆರು ದಿನ ವೇಬ್ರಿಜ್ಜಿನ ಗಾಜಿನ ಗೂಡಿನಲ್ಲಿ ಒಬ್ಬನೇ ಕೂತವನಿಗೆ ಹನ್ನೊಂದು ವರ್ಷದಿಂದ ಏಳನೆಯ ದಿನ ಅಂದರೆ ಆ ಅಂಚು. ಈಗ ದೋಣಿ ಕ್ಲಬ್ಬಿನಲ್ಲಿ ಜಿಮ್ ಮೇಷ್ಟ್ರೊಬ್ಬರು ಇದ್ದಾರೆ, ತೊಂಬತ್ತಾರು ಕೆಜಿ, ಎಲ್ಲವೂ ಮಾಂಸಖಂಡ. ಸಿಕ್ಕಾಗಲೆಲ್ಲ ಅಕ್ಕನಿಗೆ, "ನಿಮ್ಮಲ್ಲಿ ಸೀಟ್ ಖಾಲಿ ಆದ್ರೆ ಹೇಳಿ ಮೇಡಂ" ಅನ್ನುತ್ತಾರೆ.

ಅಜ್ಜಿ ಎರಡು ತುಂಡು ಬಟ್ಟೆ ಎಸೆದಳು. ಒಂದು ಬಿಳಿ, ಮೆತ್ತಗೆ, ನಾಲ್ಕು ವರ್ಷ ಬಾಳುವಂಥದ್ದು. ಇನ್ನೊಂದು ಚಹಾದ ಬಣ್ಣದ್ದು, ಮುಟ್ಟಿದರೆ ಹೊಸ ಎಕ್ಸ್‌ರೇ ಹಾಳೆಯ ಹಾಗೆ ಸದ್ದು ಮಾಡುವಂಥದ್ದು. ಅಕ್ಕ ಸದ್ದು ಮಾಡುವುದನ್ನೇ ಎತ್ತಿಕೊಂಡಳು. ಅಜ್ಜಿ ಆ ಬಟ್ಟೆಯ ಥಾನು ಎಳೆದು ಅದರ ಮೂಲೆಯಲ್ಲೂ 243 ಎಂದು ಬರೆದಳು.

"ಇದು ಓಡತ್ತೆ, ಬಾಳಲ್ಲ," ಅಂದಳು ಅಜ್ಜಿ. "ಮಡಚಬೇಡಿ, ಚಾಪೆ ಥರ ಸುತ್ತಿ. ಗಾಳೀಲಿ ಪಟಪಟ ಅನ್ನೋಕೆ ಬಿಡಬೇಡಿ. ಒಂದೊಂದು ಪಟಕ್ಕೂ ಅದರ ಆಯಸ್ಸು ಹೋಗತ್ತೆ."

"ಎರಡು ವರ್ಷಕ್ಕೆ ಒಂದೇ ಜೊತೆ ಹಾಯಿ ಅಂತ ಕ್ಲಬ್ಬಿನ ರೂಲು," ಅಂದಳು ಅಕ್ಕ. "ಜೋಪಾನ ಮಾಡ್ತೀವಿ ಬಿಡಿ."

ಮೂರು ವಾರದ ನಂತರ, ರೇಸಿನ ಬೆಳಿಗ್ಗೆ, ಮೂಟೆ ನಾಲ್ಕು ಬೇಯಿಸಿದ ಮೊಟ್ಟೆ ತಿಂದು ಎರಡನ್ನು ಕಕ್ಕಿದ. ಮೂರು ಸ್ವೆಟರ್ ಹಾಕಿಕೊಂಡ. ಒದ್ದೆಯಾದರೆ ಉಣ್ಣೆ ಭಾರವಾಗುತ್ತದೆ ಅನ್ನುವುದು ಅವನ ಲೆಕ್ಕ.

ಹೊಸ ಹಾಯಿಯನ್ನು ಕಟ್ಟೆಯ ಮೇಲೆ ಬಿಚ್ಚುವಾಗ ಮೂವರೂ ಹಸುಗೂಸನ್ನು ಎತ್ತಿಕೊಂಡವರಂತೆ ಉಸಿರು ಬಿಗಿಹಿಡಿದಿದ್ದರು. ಭಾವ ಕಂಬದ ಹಗ್ಗ ಎಳೆದರು, ಮೂಟೆ ಅಂಚನ್ನು ಕಂಬದ ಉದ್ದಕ್ಕಿದ್ದ ಸೀಳಿಗೆ ಇಂಚಿಂಚಾಗಿ ಕೊಟ್ಟ. "ಸಾಕು, ಸಾಕು, ಅಷ್ಟು ಬಿಗಿ ಬೇಡ. ಸುಕ್ಕು ಹೋದ್ರೆ ಸಾಕು," ಅನ್ನುತ್ತಿದ್ದಳು ಅಕ್ಕ. ಹಾಯಿಯ ಎರಡೂ ಮಗ್ಗುಲಿಗೆ ಅಂಟಿಸಿದ ಕೆಂಪು ಉಣ್ಣೆಯ ಎಳೆಗಳು ಗಾಳಿ ತಾಕಿದ ಕೂಡಲೇ ಎದ್ದು, ಒಂದರ ಹಿಂದೊಂದು ನೆಟ್ಟಗೆ ನಿಂತವು. ಅಂದರೆ ಗಾಳಿ ಎರಡು ಕಡೆಯೂ ಸಮನಾಗಿ ಹರಿಯುತ್ತಿದೆ. ಅಕ್ಕ ಕೆಳತುಟಿ ಕಚ್ಚಿಕೊಂಡಳು. ಅವಳು ಖುಷಿಯಾದರೆ ಹಾಗೆ.

ಮೊದಲ ಸುತ್ತು ಸುಖವಾಗಿತ್ತು. ಗಾಳಿ ಸಣ್ಣದು, ಹಾಯಿ ಹೊಟ್ಟೆ ತುಂಬಿಸಿಕೊಂಡು ದೋಣಿಯನ್ನು ಎಳೆದೊಯ್ದಿತು. ಹದಿನಾಲ್ಕು ದೋಣಿಗಳಲ್ಲಿ ಎರಡನೆಯವರು. ಮುಂದಿದ್ದದ್ದು ಹಲ್ಲಿನ ಡಾಕ್ಟರ ದೋಣಿ ಒಂದೇ. "ಅವನ ಹಿಂಭಾಗ ಎಷ್ಟು ಹತ್ರ ಕಾಣ್ತಿದೆ ನೋಡ್ರೋ," ಅಂದರು ಭಾವ.

ಎರಡನೆಯ ಸುತ್ತಿಗೆ ನೀರು ಕಪ್ಪಾಯಿತು. ಕೊಲ್ಲಿಯ ಆ ಬದಿಯಿಂದ ಗಾಳಿ ಗೆರೆ ಎಳೆದುಕೊಂಡು ಬಂದು ಹಾಯಿಗೆ ಬಡಿಯಿತು. ದೋಣಿ ಮಲಗತೊಡಗಿತು. ಅಡಿಯಲ್ಲಿ ಸೀಸದ ಭಾರವಿರುವ ದೋಣಿ, ಮಗುಚುವುದಿಲ್ಲ. ಆದರೆ ಮಲಗಿದ ದೋಣಿ ಓಡುವುದೂ ಇಲ್ಲ.

"ಮೂಟೆ, ಹೊರಗೆ."

"ಹೊರಗೇ ಇದೀನಿ ಅಕ್ಕ."

"ಇನ್ನೂ."

ಇನ್ನೂ ಹೊರಗೆ ಅಂದರೆ ನೀರು. ಕಾಲಿನ ಪಟ್ಟಿಗೆ ಪಾದ ಸಿಕ್ಕಿಸಿ, ಹೊಲಿಗೆ ಹಾಕಿದ್ದ ಹೊಟ್ಟೆ ಎಳೆದು ಉರಿಯುವವರೆಗೂ ಅವನು ಬೆನ್ನು ಚೆಲ್ಲಿದ. ಅಂಚು ಮೊದಲಿನ ಹಾಗೆ ಅವನ ಕೆಳಗೆ ತಗ್ಗಲಿಲ್ಲ. ಭಾವ ಹಾಯಿಯ ಬುಡವನ್ನು ಬಿಗಿದು ಚಪ್ಪಟೆ ಮಾಡಲು ನೋಡಿದರು, ಕಂಬವನ್ನು ಬಗ್ಗಿಸಿ ನೋಡಿದರು. ಕೊನೆಗೆ ಅಕ್ಕ ಹಗ್ಗ ಸಡಿಲಿಸಲೇಬೇಕಾಯಿತು. ಹೊಸ ಹಾಯಿ ಪಟಪಟ ಹೊಡೆದುಕೊಳ್ಳತೊಡಗಿತು. ಒಂದೊಂದು ಪಟವೂ ಮೂಟೆಯ ಕಿವಿಯ ಪಕ್ಕದಲ್ಲೇ. ದೋಣಿಗಳು ಒಂದೊಂದಾಗಿ ಅವರನ್ನು ದಾಟಿದವು. ಹನ್ನೊಂದನೆಯವರಾಗಿ ಬಂದರು.

ದಡದಲ್ಲಿ ಅಕ್ಕನ ಕೋಪ ಅಜ್ಜಿಯ ಮೇಲೆ ಹೋಯಿತು. "ಹೊಟ್ಟೆ ಜಾಸ್ತಿ ಇಟ್ಟಿದಾಳೆ ಮುದುಕಿ. ಕಣ್ಣು ಕಾಣಲ್ಲ ಅನ್ಸತ್ತೆ. ಇನ್ನೂರ ನಲವತ್ಮೂರು ಕೆಜಿಗೆ ಹೀಗೆ ಮಲಗತ್ತೇನ್ರೀ?"

ಪಕ್ಕದಲ್ಲಿ ಹಗ್ಗ ಸುತ್ತುತ್ತಿದ್ದ ಹಲ್ಲಿನ ಡಾಕ್ಟರ್ ತಲೆಯೆತ್ತಿದರು. "ಹೌದಾ? ನಾನು ಮುಂದಿನ ವಾರ ಹೊಸ ಹಾಯಿಗೆ ಅವಳಿಗೇ ಹೇಳೋನಿದ್ದೆ. ಬಿಡಿ, ಬೇರೆ ಕಡೆ ನೋಡ್ತೀನಿ."

ಮೂಟೆ ಒದ್ದೆ ಸ್ವೆಟರ್ ಹಿಂಡುತ್ತ ನಿಂತಿದ್ದ. ಬಾಯಿ ತೆರೆದ. ಆಚೆ ಜಿಮ್ ಮೇಷ್ಟ್ರು ಯಾರದೋ ದೋಣಿಯನ್ನು ಒಬ್ಬರೇ ಗಾಡಿಯ ಮೇಲೆ ನೂಕುತ್ತಿದ್ದರು. ಬಾಯಿ ಮುಚ್ಚಿಕೊಂಡ.

ಅಂದೇ ಮಧ್ಯಾಹ್ನ ಹಾಯಿಯನ್ನು ಅಜ್ಜಿಯ ನೆಲದ ಮೇಲೆ ಹಾಸಿದರು. ಅಜ್ಜಿ ವಾದ ಮಾಡಲಿಲ್ಲ. ಟೇಪು ಹಿಡಿದು ಒಂದು ತುದಿಯಿಂದ ಇನ್ನೊಂದಕ್ಕೆ ತೆವಳಿದಳು. ಪ್ರತಿ ಜೋಡಣೆಯನ್ನೂ ಹೆಬ್ಬೆರಳಲ್ಲಿ ಸವರಿದಳು. ಮತ್ತೆ ಮೊದಲಿಂದ ಅಳೆದಳು. ಆಮೇಲೆ ಹಿಮ್ಮಡಿಯ ಮೇಲೆ ಕೂತು, ಕನ್ನಡಕ ತೆಗೆದು, ಕೈಗೆ ಸಿಕ್ಕ ಹಾಯಿಬಟ್ಟೆಯ ಚೂರಿನಿಂದಲೇ ಒರೆಸಿದಳು.

"ಲೆಕ್ಕ ಸರಿ ಇದೆ ಅಂತ ನನಗೆ ಕಾಣತ್ತೆ. ಆದ್ರೆ ದೋಣಿ ಸುಳ್ಳು ಹೇಳಲ್ವಲ್ಲ." ಕನ್ನಡಕವನ್ನು ಹಾಕಿಕೊಳ್ಳದೆ ಕೈಯಲ್ಲೇ ಹಿಡಿದಿದ್ದಳು. "ಈಚೆಗೆ ಒಂದೊಂದ್ಸಲ ಒಂದು ಗೆರೆ ಎರಡಾಗಿ ಕಾಣತ್ತೆ. ಯಾರಿಗೂ ಹೇಳಿಲ್ಲ. ನಂದೇ ತಪ್ಪಿರ್ಬೇಕು ಮಗಳೇ. ಇನ್ನು ಸಾಕು ಮಾಡ್ಬೇಕು ಅನ್ಸತ್ತೆ."

ಅಕ್ಕನ ಕೋಪ ಅಲ್ಲೇ ಸೋರಿಹೋಯಿತು. ಗಂಡನ ಮುಖ ನೋಡಿದಳು.

"ಎಂಬತ್ತೆರಡು," ಅಂದ ಮೂಟೆ.

"ಏನು ಎಂಬತ್ತೆರಡು?" ಅಂದರು ಭಾವ. "ನಂದಾ? ನಾನು ಅವತ್ತೇ ಹೇಳೋಕೆ ಹೋದೆ."

"ನಂದು. ತೊಂಬತ್ತೆಂಟಲ್ಲ, ಎಂಬತ್ತೆರಡು. ಅಜ್ಜಿ ಸರಿಯಾಗೇ ಹೊಲ್ದಿದಾರೆ."

ಮೂಟೆ ಜಾಕೆಟ್ ತೆಗೆದ. ಒಂದು ಸ್ವೆಟರ್ ತೆಗೆದ, ಇನ್ನೊಂದು ತೆಗೆದ. ಒಳಗಿನ ಅಂಗಿ ಅವನ ಹೆಗಲ ಮೇಲೆ ಹ್ಯಾಂಗರಿಗೆ ಹಾಕಿದ ಹಾಗೆ ನಿಂತಿತ್ತು. ಅಕ್ಕ ಅವನ ಮುಖ ನೋಡಿದಳು.

"ಮೀಸೆ?" ಅಂದಳು.

"ಅದಕ್ಕೇ ತೆಗ್ದೆ."

"ಲಾರಿ ತೂಗೋನು ನೀನು," ಅಂದಳು ಅಜ್ಜಿ. ದನಿಯಲ್ಲಿ ಈಗ ಕಾವು ಬಂದಿತ್ತು. "ನಾನಿಲ್ಲಿ ಕಣ್ಣು ಹೋಯ್ತು ಅಂತ ಕೂತಿದೀನಿ. ಹದಿನಾರು ಕೆಜಿ ಸುಳ್ಳು ಹೇಳ್ತಾರೇನೋ ಕತ್ತೆ?"

"ತಪ್ಪಾಯ್ತು ಅಜ್ಜಿ."

"ಹಲ್ಲಿನ ಡಾಕ್ಟ್ರಿಗೆ ನಾನೇ ಫೋನ್ ಮಾಡಿ ಹೇಳ್ತೀನಿ," ಅಂದಳು ಅಕ್ಕ, ಯಾರಿಗೆ ಹೇಳುತ್ತಿದ್ದೇನೆಂದು ನೋಡದೆ. "ತಪ್ಪು ನಮ್ದು ಅಂತ."

ಅಜ್ಜಿ ಕನ್ನಡಕ ಏರಿಸಿ ಮತ್ತೆ ಮಂಡಿಯೂರಿದಳು. ಮೂರು ಜೋಡಣೆ ಬಿಚ್ಚಿ, ಒಂದೊಂದನ್ನೂ ಬೆರಳಿನಷ್ಟು ಒಳಗೆ ತಗೊಂಡರೆ ಹೊಟ್ಟೆ ಇಳಿಯುತ್ತದೆ, ಇನ್ನೂರ ಇಪ್ಪತ್ತೇಳಕ್ಕೆ ಸರಿಹೋಗುತ್ತದೆ ಅಂದಳು. "ಮಿಕ್ಕ ಬಟ್ಟೇನ ಕತ್ತರಿಸಿ ಹಾಕ್ತೀನಿ. ನುಣ್ಣಗೆ ಬರತ್ತೆ." ದೊಡ್ಡ ಕತ್ತರಿ ಕೈಗೆ ತೆಗೆದುಕೊಂಡಳು.

"ಕತ್ತರಿಸಬೇಡಿ," ಅಂದಳು ಅಕ್ಕ.

"ಇಟ್ಕೊಂಡು ಏನ್ಮಾಡ್ತೀಯಾ? ದಪ್ಪ ಆಗತ್ತೆ. ರೇಸಿಗೆ ಒಳ್ಳೇದಲ್ಲ."

"ಆಗ್ಲಿ. ಒಳಗೇ ಮಡಚಿ ಹೊಲೀರಿ. ಮಕ್ಕಳು ಬೆಳೀತಾರೆ ಅಂತ ಸ್ಕೂಲ್ ಯೂನಿಫಾರ್ಮಿಗೆ ಬಿಡ್ತಾರಲ್ಲ, ಹಾಗೆ."

ಅಜ್ಜಿ ಅಕ್ಕನನ್ನು ನೋಡಿದಳು, ಮೂಟೆಯನ್ನು ನೋಡಿದಳು. ಕತ್ತರಿಯನ್ನು ಕೆಳಗಿಟ್ಟು ಗುಂಡಿಯೊಳಕ್ಕೆ ಕಾಲಿಳಿಸಿದಳು. "ಹಾಗಾದ್ರೆ ಉದ್ದ ಹೊಲಿಗೆ ಹಾಕ್ತೀನಿ. ಬಿಚ್ಚೋಕೆ ಸುಲಭ. ಏ ಮೂಟೆ, ಸುಮ್ನೆ ನಿಲ್ಬೇಡ, ಆ ತುದಿ ಹಿಡಿ."

ಮೆಷಿನ್ನು ಓಡಿತು. ಮೂಟೆ ತುದಿ ಹಿಡಿದು, ಬಟ್ಟೆ ಎಳೆದಷ್ಟೂ ಮಂಡಿಯ ಮೇಲೆ ಮುಂದೆ ಸರಿದ. ಕೆಲಸ ಮುಗಿದ ಮೇಲೆ ನಾಲ್ವರೂ ಸೇರಿ ಹಾಯಿಯನ್ನು ಚಾಪೆಯ ಹಾಗೆ ಸುತ್ತಿದರು. ಒಳಗೆ ಮಡಚಿದ ಬಟ್ಟೆ ಬಂದಲ್ಲೆಲ್ಲ ಸುರುಳಿ ಕೈಯ ಕೆಳಗೆ ತುಸು ಉಬ್ಬುತ್ತಿತ್ತು. ಕೊನೆಯ ಮೂಲೆಯಲ್ಲಿ ಪೆನ್ಸಿಲಿನ 243 ಹಾಗೇ ಇತ್ತು. ಅಳಿಸಬೇಕೇನೋ ಎಂದು ಅಜ್ಜಿ ರಬ್ಬರ್ ಹುಡುಕುತ್ತಿರುವಾಗಲೇ ಅಕ್ಕ ಆ ಮೂಲೆಯನ್ನು ಒಳಗೆ ಸುತ್ತಿ, ಪಟ್ಟಿ ಕಟ್ಟಿಬಿಟ್ಟಳು.